ಈಮೇಲಿನಲ್ಲಿ ಕರೆದ ಬೀಗರೂಟ

ನಾನು ಕರಡು ತಿದ್ದುತ್ತಿದ್ದ ಸಂಜೆ ಪತ್ರಿಕೆ ಒಂದು ದಿನ ಬೆಳಿಗ್ಗೆ ಮುಚ್ಚಿತು. ಮಂಡ್ಯದಲ್ಲಿ ಅಂಥದ್ದೊಂದು ಪತ್ರಿಕೆ ಇತ್ತು ಅನ್ನೋದು ಬಹಳ ಜನಕ್ಕೆ ಗೊತ್ತಾಗಿದ್ದೇ ಅದು ಮುಚ್ಚಿದ ಮೇಲೆ. ಬಾಗಿಲಿಗೆ ಬೀಗ ಬಿದ್ದ ಸುದ್ದಿಯನ್ನು ಬೇರೆ ಪತ್ರಿಕೆಯವರು ಮೂಲೆಯಲ್ಲಿ ಹಾಕಿದರು, ಅದರಲ್ಲೂ ತಪ್ಪು. ತಿದ್ದೋಕೆ ಕೈ ತುರಿಸಿತು. ತಿದ್ದಿ ಯಾರಿಗೆ ಕೊಡಲಿ?

ಕೆಲಸ ಹೋದ ವಾರದೊಳಗೆ ನಮ್ಮ ಬಾವ, ಅಂದರೆ ನಮ್ಮ ಯಜಮಾನರ ಅಣ್ಣ, ಮದ್ದೂರಿನಿಂದ ಫೋನ್ ಮಾಡಿದರು. ಅವರದು ಅಲ್ಲಿ ಗೊಬ್ಬರ, ಔಷಧಿ ಅಂಗಡಿ. "ಮನೇಲಿ ಕುಂತ್ಕಂಡು ಏನ್ ಮಾಡೀಯಮ್ಮ? ನಮ್ ಕೌಂಟ್ರಿಗೆ ಬಂದು ಕುಂತ್ಕೊ. ಬಿಲ್ ಬರ್ಕಂಡಿರು. ಮನೆಯೋರು ಅಂತ ಇದ್ರೆ ನಂಗೂ ಧೈರ್ಯ" ಅಂದರು. ಸಂಬಳದ ಮಾತೇ ಎತ್ತಲಿಲ್ಲ. ಮನೆಯವರಿಗೆ ಎಂಥ ಸಂಬಳ! ಆ ಕೌಂಟರಿನಲ್ಲಿ ಅಲ್ಲಿಯವರೆಗೆ ಕೂತಿದ್ದವರು ಬಾವನ ಹೆಂಡತಿ, ನನ್ನ ಓರಗಿತ್ತಿ. ಮಂಡಿ ನೋವು ಜಾಸ್ತಿಯಾಗಿ ಬಿಟ್ಟಿದ್ದರು. ಗಿರಾಕಿಗಳ ಎದುರಿಗೇ ಬಾವ ಅವರಿಗೆ "ತಲೇಲಿ ಏನೈತೆ, ಸಗಣಿಯಾ?" ಅನ್ನೋದನ್ನು, ಅವರು ತಲೆ ಬಗ್ಗಿಸಿಕೊಂಡು ಬಿಲ್ಲು ಬರೆಯೋದನ್ನು ನಾನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೆ. ಅಲ್ಲಿ ಹೋಗಿ ಕೂರೋದಕ್ಕಿಂತ ನಾಲೆ ಹತ್ತಿರ ಹೋಗಿ ಊರವರ ಬಟ್ಟೆ ಒಗೆಯೋದು ವಾಸಿ ಅಂತ ನಮ್ಮ ಯಜಮಾನರಿಗೆ ಹೇಳಿದೆ.

"ಅಣ್ಣ ಹೇಳಿದ ಮೇಲೆ..." ಅಂದರು ಅವರು.

ನಮ್ಮ ಯಜಮಾನರು ಒಳ್ಳೆಯವರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಆದರೆ ಅಣ್ಣನ ಫೋನ್ ಬಂತು ಅಂದರೆ ಊಟದ ತಟ್ಟೆ ಮುಂದಿದ್ದರೂ ಎದ್ದು ನಿಂತು ಮಾತಾಡೋ ಪೈಕಿ. ಎರಡು ದಿನ ಜಗಳವಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಯುಗಾದಿವರೆಗೆ ನನಗೆ ಬಿಡುವು. ಅಷ್ಟರೊಳಗೆ ನನ್ನದೇ ಒಂದು ಉದ್ಯೋಗ ನಿಂತರೆ ಸರಿ, ಇಲ್ಲದಿದ್ದರೆ ಹಬ್ಬದ ಮಾರನೇ ದಿನ ನಾನು ಬಾಯಿ ಮುಚ್ಚಿಕೊಂಡು ಮದ್ದೂರಿನ ಬಸ್ಸು ಹತ್ತಬೇಕು.

ಉದ್ಯೋಗದ ಉಪಾಯ ಹೊಳೆದದ್ದು ಮೊಬೈಲಿನಿಂದ. ಗಡ್ಡ ಬಿಟ್ಟ ಹುಡುಗನೊಬ್ಬ ಚೊಂಬಿನಷ್ಟು ದೊಡ್ಡ ಲೋಟದಲ್ಲಿ ಕಾಫಿ ಹೀರುತ್ತಾ ಹೇಳುತ್ತಿದ್ದ. ನಿಮ್ಮ ಊರಿನ ಸುದ್ದೀನ ವಾರಕ್ಕೊಂದು ಸಲ ಈಮೇಲಿನಲ್ಲಿ ಕಳಿಸಿ, ಅಚ್ಚು ಹಾಕಿಸಬೇಕಿಲ್ಲ, ಪೇಪರ್ ಹುಡುಗರ ಕಾಟ ಇಲ್ಲ, ಮೊದಲು ಓದುಗರು ಬರ್ತಾರೆ, ಅವರ ಹಿಂದೆ ಜಾಹೀರಾತು ಬರುತ್ತೆ, ಜನ ಬೆಳಿಗ್ಗೆ ಎದ್ದು ನಿಮ್ಮ ಪತ್ರಕ್ಕೆ ಕಾಯ್ತಾರೆ. ನಮ್ಮ ಜನ ಬೆಳಿಗ್ಗೆ ಎದ್ದು ಕಾಯೋದು ನಲ್ಲಿ ನೀರಿಗೆ, ಇಲ್ಲಾಂದ್ರೆ ಹಾಲಿನ ಡೈರಿ ತೆಗೆಯೋದಕ್ಕೆ. ಪಾಪ, ಆ ಹುಡುಗನಿಗೆ ಅದು ಹೇಗೆ ಗೊತ್ತಾಗಬೇಕು? ಆದರೂ ನನ್ನ ಎದೆ ಡವಡವ ಅಂದಿತು. ಬರೆಯೋದು ಬರುತ್ತೆ, ತಿದ್ದೋದು ಬರುತ್ತೆ, ಮನೇಲಿ ಹಳೇ ಕಂಪ್ಯೂಟರೂ ಇದೆ. ಅವತ್ತೇ ಶುರು ಹಚ್ಚಿಕೊಂಡೆ.

ಮೊದಲು ಬೇಕಾಗಿದ್ದು ಜನರ ಈಮೇಲ್ ವಿಳಾಸ. ಚೀಲ ನೇತುಹಾಕಿಕೊಂಡು ಮಂಡ್ಯದ ಮಾರುಕಟ್ಟೆ, ಭಾರತೀನಗರದ ಕಾಲೇಜುಗಳ ಎದುರು, ಮಳವಳ್ಳಿ ಬಸ್ ಸ್ಟ್ಯಾಂಡು ಎಲ್ಲ ಸುತ್ತಿದೆ. "ನಿಮ್ಮ ಈಮೇಲ್ ಕೊಡ್ತೀರಾ?" ಅಂದರೆ ಜನ, ಗದ್ದೆ ಬರೆದುಕೊಡು ಅಂತ ಕೇಳಿದ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡೋರು. "ಅದು ನನ್ ತಾವಿಲ್ಲ ಕಣಮ್ಮ, ಮೊಬೈಲ್ ಅಂಗಡಿಯೋನ್ ತಾವೈತೆ" ಅಂದ ಒಬ್ಬ ಯಜಮಾನ. ತಮಾಷೆ ಅಲ್ಲ, ನಿಜ. ನಮ್ಮ ಕಡೆ ಫೋನ್ ಕೊಂಡವರಿಗೆಲ್ಲ ಈಮೇಲ್ ಇದೆ. ಅದನ್ನು ಮಾಡಿಕೊಟ್ಟವನು ಅಂಗಡಿಯವನು. ಪಾಸ್‌ವರ್ಡು ಗೊತ್ತಿರೋದು ಅವನೊಬ್ಬನಿಗೆ, ಅವನಿಗೂ ಅದು ಮರೆತುಹೋಗಿದೆ. ರಿಟೈರಾದ ಮೇಷ್ಟ್ರೊಬ್ಬರು ಮಾತ್ರ ಬಹಳ ಯೋಚನೆ ಮಾಡಿ, "ಓಟಿಪಿ ಬರ್ತದಾ? ಓಟಿಪಿ ಬರೋದಾದ್ರೆ ಕೊಡಾಕಿಲ್ಲ" ಅಂದರು. ಬರಲ್ಲ ಅಂತ ಆಣೆ ಮಾಡಿದ ಮೇಲೆ ಕೊಟ್ಟರು. ಕಾಲೇಜು ಹುಡುಗಿಯರು ನಗುತ್ತಾ ಕೊಟ್ಟರು. ಹಾಗೂ ಹೀಗೂ ಒಂದಷ್ಟು ಸೇರಿತು.

ಮೊದಲನೇ ಪತ್ರ ಸೋಮವಾರ ಬೆಳಿಗ್ಗೆ ಹೋಯಿತು. ಜೀವ ತೇದು ಬರೆದಿದ್ದೆ ಕಣ್ರೀ. ನಮ್ಮ ಬಡಾವಣೆಯ ಚರಂಡಿ, ನಾಲೆಗೆ ನೀರು ಯಾವಾಗ ಬಿಡ್ತಾರೆ, ಬಸರಾಳಿನ ದೇವಸ್ಥಾನ ನೋಡೋಕೆ ಹೋಗೋರಿಗೆ ಬಸ್ಸಿನ ವೇಳೆ, ಎಲ್ಲಾ ಇತ್ತು. ಎಲ್ಲರೂ ಬರೆದು ಸವೆಸಿರೋ ಮದ್ದೂರು ವಡೆ ಬಗ್ಗೆ ಒಂದಕ್ಷರ ಬರೆಯಬಾರದು ಅಂತ ಶಪಥ ಮಾಡಿದ್ದೆ, ಅದನ್ನೂ ಪಾಲಿಸಿದ್ದೆ. ಮಧ್ಯಾಹ್ನದವರೆಗೆ ಕಾದೆ. ಒಂದೇ ಒಂದು ಪ್ರತಿಕ್ರಿಯೆ ಬಂತು. ಯಾರೋ ಪುಣ್ಯಾತ್ಮರು "ನನಗೆ ಇನ್ನು ಕಳಿಸಬೇಡಿ" ಅನ್ನೋ ಗುಂಡಿ ಒತ್ತಿದ್ದರು. ಯಾರಪ್ಪಾ ಅಂತ ನೋಡಿದರೆ ನಮ್ಮ ಯಜಮಾನರು! ಸಾಯಂಕಾಲ ಬಂದವರನ್ನು ಬಾಗಿಲಲ್ಲೇ ಹಿಡಿದುಕೊಂಡೆ. "ಬ್ಯಾಂಕ್ ಮೋಸದೋರು ಅನ್ಕೊಂಡೆ ಕಣೇ" ಅಂದರು. ಅವತ್ತು ನಮ್ಮ ಮನೇಲಿ ಸಾರಿಗೆ ಉಪ್ಪು ಹಾಕಿರಲಿಲ್ಲ.

ತಿಂಗಳು ಕಳೆದರೂ ಅದೇ ಕಥೆ. ಪತ್ರ ಹೋಗುತ್ತಿತ್ತು, ಎಲ್ಲಿಗೆ ಹೋಗುತ್ತಿತ್ತೋ ದೇವರೇ ಬಲ್ಲ. ನನ್ನ ಸಂಕಟ ನೋಡಲಾರದೆ ದಾರಿ ತೋರಿಸಿದವಳು ಎದುರು ಮನೆಯ ನನ್ನ ಗೆಳತಿ. ಅವಳದು ಹೊಲಿಗೆ ಅಂಗಡಿ. ಅವರಪ್ಪನೂ ಮಂಡ್ಯದಲ್ಲೇ ದರ್ಜಿಯಾಗಿದ್ದವರು. ಅವಳ ಮನೆಯ ಹಬ್ಬ ರಂಜಾನಾದರೂ ಕಾರ್ತೀಕ, ಮಾಘ ಬಂತು ಅಂದರೆ ಅವಳಿಗೆ ಉಸಿರಾಡೋಕೆ ಪುರಸೊತ್ತು ಇರೋದಿಲ್ಲ. ಸುತ್ತಮುತ್ತಲ ಮದುವೆಮನೆ ಬ್ಲೌಸೆಲ್ಲ ಅವಳ ಮಿಷನ್ನಿನ ಕೆಳಗೇ ಹಾದುಹೋಗೋದು.

"ಅಕ್ಕಾ, ಚರಂಡಿ ಎಲ್ರ ಮನೆ ಮುಂದೇನೂ ಐತೆ. ಅದನ್ನ ಮೊಬೈಲಲ್ಲಿ ಬೇರೆ ನೋಡ್ಬೇಕಾ? ಜನಕ್ಕೆ ಗೊತ್ತಿಲ್ದೇ ಇರೋದ್ನ ಹಾಕು" ಅಂದಳು.

"ಏನೇ ಅದು?"

"ಯಾವತ್ತು ಯಾರ ಮನೆ ಬೀಗರೂಟ, ಎಲ್ಲಿ ಅಂತ ಹಾಕು. ಬೇಕಾದ್ರೆ ನಾನೇ ಹೇಳ್ತೀನಿ. ಬೀಗರೂಟಕ್ಕೆ ಬೇರೆ ಬ್ಲೌಸ್ ಹೊಲಿಸ್ಕೋತಾರೆ."

ಮದುವೆ ದಿನ ಪಾಯಸದೂಟ ಹಾಕಿ, ಆಮೇಲೊಂದು ದಿನ ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನು ಕರೆದು ಮರ್ಯಾದೆಯಿಂದ ಹಾಕೋ ಮಾಂಸದೂಟ ಇದು. ನಮ್ಮ ಮಂಡ್ಯದವರಿಗೆ ಮದುವೆ ತಪ್ಪಿದರೆ ಬೇಜಾರಿಲ್ಲ, ಬೀಗರೂಟ ತಪ್ಪಿದರೆ ವರ್ಷವಿಡೀ ಅದೇ ಮಾತು. ನನಗೆ ಮೊದಲು ಅವಮಾನ ಆಯಿತು. ನಾನೇನು ಮುದ್ದೆ, ಬೋಟಿ ಗೊಜ್ಜಿನ ವರದಿಗಾರಳಾ ಅಂತ ರೇಗಿದೆ. ಆಮೇಲೆ ಕ್ಯಾಲೆಂಡರ್ ನೋಡಿದೆ. ಯುಗಾದಿ ಹತ್ತಿರ ಬರುತ್ತಿತ್ತು. "ಈ ವಾರದ ಬೀಗರೂಟ" ಅಂತ ತಲೆಬರಹ ಕೊಟ್ಟು, ಊರು, ಛತ್ರ, ದಿನ ಹಾಕಿದೆ. ಅಡುಗೆ ಯಾರದು, ಬಂಡೂರು ಕುರಿಯಾ ಇಲ್ಲಾ ಹೊರಗಿಂದ ತರಿಸಿದ್ದಾ ಅನ್ನೋದನ್ನೂ ಸೇರಿಸಿದೆ. ಕೊಂಕಿಗೆ ಸೇರಿಸಿದ್ದು. ಜನ ಅದನ್ನೇ ಭಕ್ತಿಯಿಂದ ಓದಿದರು.

ಅಯ್ಯೋ ಶಿವನೇ, ಏನು ನೂಕುನುಗ್ಗಲು ಅಂತೀರಿ! ವರ್ಷಗಟ್ಟಲೆ ಪಾಸ್‌ವರ್ಡು ಮರೆತಿದ್ದವರೆಲ್ಲ ಮೊಬೈಲ್ ಅಂಗಡಿ ಮುಂದೆ ಸಾಲು ನಿಂತು ಹೊಸದು ಮಾಡಿಸಿಕೊಂಡರು. ಓಟಿಪಿ ಮೇಷ್ಟ್ರು ತಮ್ಮ ತಮ್ಮನ ವಿಳಾಸ, ಷಡ್ಡಕನ ವಿಳಾಸ ತಂದುಕೊಟ್ಟರು. ಸೋಮವಾರ ಮಾಂಸ ಮುಟ್ಟದ ಜನ ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ವಾರದ ಬಾಡೂಟದ ಪಟ್ಟಿ ಓದೋಕೆ ಕೂತರು. ಎಲ್ಲರಿಗಿಂತ ಹೆಚ್ಚು ಶ್ರದ್ಧೆ ಇದ್ದದ್ದು ಮುಂದಿನ ಚುನಾವಣೆಗೆ ನಿಲ್ಲಬೇಕು ಅಂತ ಬಿಳಿ ಷರಟು ಹೊಲಿಸಿಕೊಂಡಿರೋ ಮುಖಂಡರಿಗೆ. ಅವರಿಗೆ ಎಲ್ಲ ಮನೆಯ ಕಾರ್ಯಕ್ಕೂ ಹೋಗಿ ಮುಖ ತೋರಿಸಬೇಕು. ಹೋಗೋವಾಗ ಒಬ್ಬರೇ ಹೋಗೋಕೆ ಆಗುತ್ತಾ? ಹಿಂದೆ ಮೂರು ಕಾರು, ಕಾರಿನ ತುಂಬ ಅಭಿಮಾನಿಗಳು, ಅಭಿಮಾನಿಗಳಿಗೆಲ್ಲ ಹೊಟ್ಟೆ.

ಚರಂಡಿ ಬಗ್ಗೆ ಕೆಳಗೆ ಬರೆಯುತ್ತಲೇ ಇದ್ದೆ. ಅಷ್ಟು ಕೆಳಕ್ಕೆ ಯಾರೂ ಇಳಿಯುತ್ತಿರಲಿಲ್ಲ.

ಮೊದಲ ರಾಮಾಯಣ ಆಗಿದ್ದು ಮಳವಳ್ಳಿ ಕಡೆ. ಗಂಡಿನಪ್ಪ ಊರೂರು ತಿರುಗಿ ನೆಂಟರನ್ನು ಕರೆಯುತ್ತಿದ್ದ. ನಮ್ಮಲ್ಲಿ ಕಾರ್ಡು ಕೊಟ್ಟರೆ ಸಾಲದು, ಫೋನ್ ಮಾಡಿದರೂ ಸಾಲದು. ಮನೆ ಬಾಗಿಲಿಗೆ ಹೋಗಿ, ಕುಂಕುಮ ಕೊಟ್ಟು, ನೀವೆಲ್ಲ ಬರಲೇಬೇಕು ಅಂತ ಬಾಯಿ ಬಿಟ್ಟು ಕರೆಯಬೇಕು. ಅವನು ಗಂಡಿನ ಸೋದರಮಾವನ ಮನೆಗೆ ಹೋಗೋದು ಇನ್ನೂ ಬಾಕಿ ಇತ್ತು, ಅಷ್ಟರಲ್ಲಿ ನನ್ನ ಪತ್ರ ಹೋಯಿತು. ಸೋದರಮಾವನಿಗೆ ಯಾರೋ ಮೊಬೈಲಿನಲ್ಲಿ ತೋರಿಸಿದರು. "ಓಹೋ, ನನ್ನ ಮೇಲ್‌ನಾಗೆ ಕರೀತಾವ್ನಾ? ಅಷ್ಟು ದೊಡ್ಡ ಮನ್ಸಾಗೋದ್ನಾ?" ಅಂದವನು ಎಷ್ಟು ಬೇಡಿಕೊಂಡರೂ ಬರಲೇ ಇಲ್ಲ. ಕರೆಯಬೇಕಾದ ನೆಂಟ ಸಿಟ್ಟಿಂದ ಮನೇಲಿ ಕೂತ, ಕರೆಯದ ಮುಖಂಡರು ಬಂದು ಎರಡೆರಡು ಸಲ ಬಡಿಸಿಕೊಂಡು ಹೋದರು. ಗಂಡಿನಪ್ಪ ಮಾರನೇ ದಿನ ನಮ್ಮ ಮನೆ ಮುಂದೆ ಬಂದು ನಿಂತು ಬೀದಿಗೆಲ್ಲ ಕೇಳಿಸೋ ಹಾಗೆ ಬೈದ. ನಾನೂ ಸುಮ್ಮನಿರಲಿಲ್ಲ. "ನಾನೇನು ಯಾರನ್ನೂ ಕರೆದಿಲ್ಲ, ಇರೋ ಸುದ್ದಿ ಹಾಕಿದ್ದೀನಿ" ಅಂದೆ. ಹೋಗೋವಾಗ ಅವನು, "ನನ್ ಎರಡನೇ ಮಗನ್ ಮದ್ವೆ ಇನ್ನೂ ಐತೆ. ಅದನ್ನೇನಾದ್ರೂ ಆಕುದ್ರೆ ನೋಡು ಮತ್ತೆ!" ಅಂದ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಉದ್ಯೋಗದ ಸುವರ್ಣಯುಗ. ಜಾಹೀರಾತು ಕೊಡಿ ಅಂತ ನಾನು ತಿಂಗಳುಗಟ್ಟಲೆ ಅಂಗಡಿ ಅಂಗಡಿ ಅಲೆದಾಗ ಒಬ್ಬನೂ ಜೇಬಿಗೆ ಕೈ ಹಾಕಿರಲಿಲ್ಲ. ಈಗ ಜನ ನಮ್ಮ ಮನೆ ಹುಡುಕಿಕೊಂಡು ಬರತೊಡಗಿದರು, ಹಾಕಬೇಡಿ ಅಂತ ಹೇಳೋಕೆ! ಬಸರಾಳು ಕಡೆಯ ಗೌಡರೊಬ್ಬರು ಬೆಲ್ಲದ ಅಚ್ಚಿನ ಚೀಲ ತಂದು ಜಗಲಿ ಮೇಲಿಟ್ಟು, ಅದರ ಮೇಲೊಂದು ಕವರಿಟ್ಟು, "ನಮ್ಮುಡುಗುಂದು ಬುಟ್ಬುಡಿ ಅವ್ವಾ, ನಿಮ್ಗೆ ಪುಣ್ಯ ಬತ್ತದೆ" ಅಂದರು. ಕವರು ವಾಪಸ್ ಕೊಟ್ಟೆ. ಬೆಲ್ಲ ಬಹಳ ಚೆನ್ನಾಗಿತ್ತು, ಅದನ್ನು ಇಟ್ಟುಕೊಂಡೆ. ಸುದ್ದಿಯನ್ನೂ ಹಾಕಿದೆ.

ನಮ್ಮ ಯಜಮಾನರಿಗೆ ಹೊಟ್ಟೆಯೊಳಗೆ ಬೆಂಕಿ ಬಿತ್ತು. "ಬಂದ ಲಕ್ಷ್ಮೀನ ಒದೀತೀಯಲ್ಲೇ! ಏನೂ ಬರೀದೆ ದುಡ್ಡು ಕೊಡ್ತಾರೆ ಅಂದ್ರೆ ಇದಕ್ಕಿಂತ ಒಳ್ಳೇ ಕೆಲ್ಸ ಯಾವುದಿದೆ?"

ಅವರಿಗೆ ಹೇಗೆ ಹೇಳಲಿ? ಆ ಕೆಲಸ ನಾನು ಹತ್ತಿರದಿಂದ ನೋಡಿದವಳು. ನಮ್ಮ ಸಂಜೆ ಪತ್ರಿಕೆಯ ಮಾಲೀಕ ಬದುಕಿದ್ದೇ ಹಾಕದ ಸುದ್ದಿಯಿಂದ. ಯಾವನೋ ಕಂಟ್ರಾಕ್ಟರು ಸೇತುವೆ ಕಳಪೆ ಮಾಡಿದ ಅಂತ ವರದಿ ಬರೆಸೋನು, ನನ್ನ ಕೈಲಿ ಕರಡು ತಿದ್ದಿಸೋನು, ಅದನ್ನು ಜೇಬಲ್ಲಿಟ್ಟುಕೊಂಡು ಸ್ಕೂಟರ್ ಹತ್ತಿ ಹೋಗೋನು. ಬರೋವಾಗ ಮುಖದಲ್ಲಿ ನಗು. "ಅದು ಬೇಡ ಬಿಡಮ್ಮ, ಆ ಜಾಗಕ್ಕೆ ಭವಿಷ್ಯ ಹಾಕು" ಅನ್ನೋನು. ನಾನು ತಿದ್ದಿದ ಒಳ್ಳೊಳ್ಳೆ ಸುದ್ದಿ ಒಂದೂ ಅಚ್ಚಾಗಲಿಲ್ಲ ಕಣ್ರೀ. ಅಷ್ಟು ವರ್ಷ ನಾನು ಕಸದ ಬುಟ್ಟಿಗೆ ಶುದ್ಧ ಕನ್ನಡ ಹಾಕುತ್ತಿದ್ದೆ. ಈಗ ಆ ಮಾಲೀಕನ ಕುರ್ಚಿಯಲ್ಲಿ ನಾನೇ ಕೂತು ಕವರು ಇಸಕೊಂಡರೆ ನನಗೂ ಅವನಿಗೂ ಸೀರೆ ಒಂದೇ ವ್ಯತ್ಯಾಸ. ಆದರೂ ಸುಳ್ಳು ಹೇಳಲ್ಲ, ಆಸೆ ಆಗುತ್ತಿತ್ತು. ಯುಗಾದಿಗೆ ಕೆಲವೇ ವಾರ ಉಳಿದಿತ್ತು, ಬೇರೆ ಆದಾಯ ಸೊನ್ನೆ.

ಅಂಥ ಹೊತ್ತಿನಲ್ಲಿ ನಮ್ಮ ಬಾವ ಬಂದರು. ತಮ್ಮನ ಮನೆಗೆ ಕಾಲಿಡದೆ ಎಷ್ಟೋ ಕಾಲವಾಗಿತ್ತು. ಬಾಳೆಹಣ್ಣು, ಸೇಬು ಎರಡೂ ತಂದಿದ್ದರು. ಅವರ ಮಗನ ಮದುವೆ ಬರೋ ವಾರ ಇತ್ತು. ಹೆದ್ದಾರಿ ಉದ್ದಕ್ಕೂ ಫ್ಲೆಕ್ಸ್ ಕಟ್ಟಿಸಿದ್ದರು. ಗಂಡು ಹೆಣ್ಣಿನ ಫೋಟೊ ಒಂದು ಮೂಲೆಯಲ್ಲಿ, ಮಿಕ್ಕ ಜಾಗದಲ್ಲೆಲ್ಲ ಶುಭ ಕೋರುವ ಬಿಳಿ ಷರಟುಗಳು, ನಟ್ಟ ನಡುವೆ ಕೈ ಮುಗಿದುಕೊಂಡ ಬಾವ. ಅನ್ನ ಸಾಂಬಾರಿನ ಮದುವೆಗೆ ಜಿಲ್ಲೆಯೇ ಬರಲಿ ಅಂತ ಆಸೆ. ಬೀಗರೂಟ ಮಾತ್ರ ಯಾರಿಗೂ ಗೊತ್ತಾಗಬಾರದು.

ಕಾಫಿ ಕುಡಿದು ಬಾವ ಹೇಳಿದರು. "ನೋಡಮ್ಮ, ಭಾನ್ವಾರದ್ ಊಟದ್ ವಿಷ್ಯ ಆಕ್ಬ್ಯಾಡ. ಬೀಗ್ರು ಮಾನಸ್ತ ಜನ. ಅಂಗಡಿಗೆ ಬರೋ ಮಾತೂ ಬುಡು, ನೀನೇನೂ ಬರೋದ್ ಬ್ಯಾಡ. ತಿಂಗ್ಳು ತಿಂಗ್ಳೂ ನಮ್ ಗೊಬ್ರದ್ ಜಾಹೀರಾತು ಕೊಡ್ತೀನಿ, ಆಯ್ತಾ?"

ನಮ್ಮ ಯಜಮಾನರು ನಿಂತಲ್ಲೇ ಅರ್ಧ ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದರು. ನನ್ನ ಬಾಯಿಗೂ ಆಯ್ತು ಬಾವ ಅನ್ನೋ ಮಾತು ಬಂದೇಬಿಟ್ಟಿತ್ತು. ಕೌಂಟರೂ ತಪ್ಪಿತು, ಮೊದಲ ಜಾಹೀರಾತೂ ಸಿಕ್ಕಿತು. ಅಲ್ಲಿಗೆ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಬಾವ ಎದ್ದು ಚಪ್ಪಲಿ ಮೆಟ್ಟುತ್ತಾ ತಮ್ಮನ ಕಡೆ ತಿರುಗಿ ನಕ್ಕರು. "ಇವ್ಳದೂ ಒಂದ್ ಪೇಪ್ರು ಅಂತ ನಾನು ಬಂದು ಕೇಳ್ಕೊಳೋ ಅಂಗಾಯ್ತಲ್ಲ ಲಾ! ಏನೋ ಆಡ್ಕೊಳ್ಳಿ ಬುಡು, ಹೆಂಗಸ್ರು."

ನನಗೆ ಅಂಗಾಲಿನಿಂದ ನೆತ್ತಿವರೆಗೆ ಉರಿ ಹತ್ತಿತು. ಸೋಮವಾರದ ಪತ್ರದಲ್ಲಿ ಮೊದಲನೇ ಸಾಲಿಗೇ ಹಾಕಿದೆ. ಮದ್ದೂರು, ಭಾನುವಾರ, ಛತ್ರ ಇಂಥದ್ದು, ಬಂಡೂರು ಕುರಿ.

ಭಾನುವಾರ ಮನೆಯ ಸೊಸೆಯಾಗಿ ನಾನೂ ಹೋಗಲೇಬೇಕಲ್ಲ, ಹೋದೆ. ಬಾವನಿಗೆ ಪತ್ರದ ವಿಷಯ ಅಷ್ಟರಲ್ಲಿ ಮುಟ್ಟಿತ್ತು. ನನ್ನ ಮುಖ ನೋಡಲಿಲ್ಲ. ಆದರೆ ಹನ್ನೆರಡರ ಹೊತ್ತಿಗೆ ಕಾರುಗಳು ಒಂದರ ಹಿಂದೊಂದು ಬಂದು ನಿಲ್ಲತೊಡಗಿದ ಮೇಲೆ ಅವರ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಬಾಗಿಲಲ್ಲಿ ಕೈ ಮುಗಿದು ನಿಂತೇ ಇದ್ದರು. ಒಬ್ಬೊಬ್ಬ ಮುಖಂಡ ಬಂದಾಗಲೂ ಎದೆ ಒಂದೊಂದು ಅಂಗುಲ ಉಬ್ಬುತ್ತಿತ್ತು. ಅವರನ್ನೆಲ್ಲ ಕೈ ಹಿಡಿದು ಕರೆದೊಯ್ದು ಮೊದಲನೇ ಪಂಕ್ತಿಯಲ್ಲಿ ಕೂರಿಸಿದರು, ಅವರ ಹಿಂದಿನವರನ್ನು ಎರಡನೇ ಪಂಕ್ತಿಯಲ್ಲಿ. "ಬೀಗ್ರು ನಮ್ಮೋರೇ ಅಲ್ವಾ, ಆಮೇಲ್ ಕುಂತ್ಕತ್ತಾರೆ" ಅಂದರು. ನಾನು ಮೂಲೆಯಲ್ಲಿ ನಿಂತು ಒಳಗೊಳಗೇ ನಗುತ್ತಿದ್ದೆ.

ಬೀಗರು ಕೂತದ್ದು ಕೊನೇ ಪಂಕ್ತಿಗೆ. ಮುದ್ದೆ ಬಂತು. ಸಾರು ಬಂತು. ಬಡಿಸೋ ಹುಡುಗರು ಬಕೆಟ್ಟಿನ ತಳ ಕೆರೆದು ಸೌಟು ಎತ್ತುತ್ತಿದ್ದರು, ಅದರಲ್ಲಿ ಬರೀ ಸಾರು, ಒಂದು ಚೂರು ಮೂಳೆಯೂ ಇಲ್ಲ. ಹೆಣ್ಣಿನ ತಂದೆ ಕೆರಗೋಡು ಕಡೆಯ ರೈತರು, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟಿದ್ದರು. ಎಡಗಡೆಗೆ ಅವರಣ್ಣ, ಬಲಗಡೆಗೆ ಅವರೂರಿನ ಹಿರಿಯರು. ಮಗಳನ್ನು ಕೊಟ್ಟ ಮನೆಯಲ್ಲಿ, ತಮ್ಮ ಹೆಸರಿನಲ್ಲಿ ಹಾಕಿದ ಊಟದಲ್ಲಿ, ತಮ್ಮವರೆಲ್ಲರ ಎದುರು ಆ ಮನುಷ್ಯ ಬರೀ ಸಾರಿಗೆ ಮುದ್ದೆ ಅದ್ದಿಕೊಂಡು ತಲೆ ತಗ್ಗಿಸಿ ನುಂಗಿದರು. ಕೈ ತೊಳೆಯೋಕೆ ಎದ್ದವರು ಬಾವನಿಗೆ ಕೈ ಮುಗಿದು, "ಊಟ ಚೆನ್ನಾಗಿತ್ತು ಬೀಗ್ರೇ" ಅಂದರು.

ನನ್ನ ನಗು ನಿಂತೇ ಹೋಗಿತ್ತು. ಬಾವನಿಗೆ ಬುದ್ಧಿ ಕಲಿಸೋ ಹಟದಲ್ಲಿ ನಾನು ಹೊಡೆದ ಕಲ್ಲು ಹೋಗಿ ಬಿದ್ದದ್ದು ಆ ಬಿಳಿ ಪಂಚೆಯವರಿಗೆ.

ನಲ್ಲಿ ಹತ್ತಿರ ಕೈ ತೊಳೆಯುತ್ತಿದ್ದಾಗ ಪಕ್ಕದಲ್ಲಿ ಬಳೆ ಸದ್ದಾಯಿತು. ಮದುಮಗಳು. ಎಂ.ಎಸ್ಸಿ. ಓದಿದ ಹುಡುಗಿ, ಅಲ್ಲಿಯವರೆಗೆ ನನ್ನ ಜೊತೆ ಎರಡು ಮಾತು ಆಡಿದ್ದಳೇನೋ. ಅಳುತ್ತಿರಲಿಲ್ಲ.

"ಚಿಕ್ಕತ್ತೆ, ನಿಮ್ಮ ಪತ್ರ ನಂಗೂ ಬರುತ್ತೆ. ಕಾಲೇಜಿನ ಎದುರು ನೀವೇ ನನ್ನ ಈಮೇಲ್ ಇಸ್ಕೊಂಡಿದ್ರಿ. ಊಟ ಇದೆ ಅಂತ ಹಾಕಿದ್ರಲ್ಲ, ಇದನ್ನೂ ಹಾಕಿ."

"ಯಾವುದನ್ನಮ್ಮ?"

"ನಮ್ಮಪ್ಪನ ಎಲೆಗೆ ಏನು ಬಿತ್ತು ಅನ್ನೋದನ್ನ."

ಹಾಕ್ತೀನಿ ಅಂತ ಬಾಯಲ್ಲಿ ಹೇಳಿದೆ. ಮಾರನೇ ದಿನದ ಪತ್ರಕ್ಕೆ ಕೈ ಬರಲಿಲ್ಲ, ಆ ವಾರ ಪತ್ರವೇ ಕಳಿಸಲಿಲ್ಲ. "ಈ ವಾರದ್ ಊಟ ಎಲ್ಲಿ? ಪಟ್ಟಿ ಬಂದಿಲ್ಲ" ಅಂತ ಮೂವತ್ತು ಜನ ಬರೆದು ಕೇಳಿದರು. ಓಟಿಪಿ ಮೇಷ್ಟ್ರು ಫೋನನ್ನೇ ಮಾಡಿದರು. ಇಷ್ಟು ದಿನ ಒಂದು ಉತ್ತರಕ್ಕೆ ಹಾತೊರೆದಿದ್ದವಳು ಆಗ ಒಂದೊಂದನ್ನೂ ಓದಿ ಅಳಿಸಿ ಹಾಕಿದೆ.

ಆ ಮಧ್ಯೆ ಬಾವ ತೀರ್ಪು ಕೊಟ್ಟರು. "ಅವ್ಳು ಇನ್ನು ನಮ್ ಅಂಗಡಿ ಮೆಟ್ಲು ತುಳೀಕೂಡ್ದು" ಅಂತ ತಮ್ಮನಿಗೆ ಹೇಳಿ ಕಳಿಸಿದರು. ಜಾಹೀರಾತಿನ ಮಾತು ಹಾಗೇ ಗಾಳಿಗೆ ಹೋಯಿತು. ನಾನು ಯಾವ ಕೌಂಟರಿಗೆ ಹೆದರಿ ಇಷ್ಟೆಲ್ಲ ಹಾರಾಡಿದೆನೋ ಅದು ಒಂದೇ ಮಾತಿಗೆ ತಪ್ಪಿತು. ಸಂತೋಷಪಡೋಣ ಅಂತಿದ್ದಾಗಲೇ ನಮ್ಮ ಯಜಮಾನರು ಮುಂದಿನ ಮಾತು ಹೇಳಿದರು. ಅಲ್ಲಿ ಈಗ ಹೊಸ ಸೊಸೆಯನ್ನು ಕೂರಿಸಿದ್ದಾರಂತೆ. ಓದಿದ ಹುಡುಗಿ, ಮನೆಯವಳು, ಸಂಬಳ ಕೊಡಬೇಕಿಲ್ಲ. ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ.

ಶನಿವಾರ ಬಾವ ಮತ್ತೆ ಬಂದರು. ಈ ಸಲ ಹಣ್ಣಿಲ್ಲ. ಕೂರಲೂ ಇಲ್ಲ. "ಊಟದ್ ವಿಷ್ಯ ಇನ್ನು ಎತ್ಬ್ಯಾಡ. ನಂಗೋಸ್ಕರ ಅಲ್ಲ. ಆ ಹೆಣ್ಣು ನಮ್ ಮನೇಲಿ ಬಾಳ್ಬೇಕು, ಅದ್ಕೋಸ್ಕರ" ಅಂದರು. ದನಿ ಮೆತ್ತಗಿತ್ತು. ಬೇಡಿಕೆಯೋ ಬೆದರಿಕೆಯೋ ಗೊತ್ತಾಗಲಿಲ್ಲ, ಎರಡೂ ಇತ್ತು ಅಂತ ಕಾಣುತ್ತೆ. ಆ ಮಾತಿಗೆ ನಾನು ಬಗ್ಗಿದೆ. ಹೌದಲ್ಲ, ಬಾಳಬೇಕಾದವಳು ಅವಳು. ನಾನು ಬರೆದು ಮಂಡ್ಯದಲ್ಲಿ ಕೂತುಬಿಡುತ್ತೇನೆ, ಬೈಸಿಕೊಳ್ಳೋಳು ಅವಳು.

ಅವರು ಹೋದ ಮೇಲೆ ಅವಳಿಗೆ ಫೋನ್ ಮಾಡಿದೆ. ಹಿಂದೆ ಯಾರೋ ಯೂರಿಯಾ ಕೇಳುತ್ತಿದ್ದರು.

"ನಿಮ್ಮ ಮಾವ ಬಂದಿದ್ರು ಕಣಮ್ಮ."

"ಎಷ್ಟು ಕೊಡ್ತೀನಿ ಅಂದ್ರು?"

"ಏನೂ ಅನ್ನಲಿಲ್ಲ."

"ಹಾಗಾದ್ರೆ ನನಗೋಸ್ಕರ ಅಂತ ಹೇಳಿರ್ತಾರೆ." ಬಿಲ್ಲು ಹರಿದ ಸದ್ದು ಕೇಳಿಸಿತು. "ನಮ್ಮಪ್ಪ ಊಟ ಚೆನ್ನಾಗಿತ್ತು ಅಂದದ್ದೂ ನನಗೋಸ್ಕರಾನೇ. ನನಗೋಸ್ಕರ ಇನ್ನು ಯಾರೂ ಏನೂ ನುಂಗೋದು ಬೇಡ ಚಿಕ್ಕತ್ತೆ."

ಭಾನುವಾರ ಸಾಯಂಕಾಲ ಕೂತು ಬರೆದೆ. ಮೇಲ್ಗಡೆಗೇ ಹಾಕಿದೆ. "ಹೋದ ಭಾನುವಾರ ಮದ್ದೂರಿನ ನಮ್ಮ ಮನೆಯ ಬೀಗರೂಟದಲ್ಲಿ ಕರೆಯದೆ ಬಂದವರೆಲ್ಲ ಹೊಟ್ಟೆ ತುಂಬ ಉಂಡರು. ಬೀಗರನ್ನು ಕೊನೆಗೆ ಕೂರಿಸಲಾಯಿತು. ಅವರಿಗೆ ಸಿಕ್ಕಿದ್ದು ಬರೀ ಸಾರು. ಹೆಣ್ಣಿನ ತಂದೆ ಊಟ ಚೆನ್ನಾಗಿತ್ತು ಎಂದು ಕೈ ಮುಗಿದು ಹೋದರು. ಊಟ ಇದೆ ಎಂದು ಊರಿಗೆಲ್ಲ ಸಾರಿದ್ದು ಈ ಪತ್ರವೇ. ಇನ್ನು ಮುಂದೆ ಇದರಲ್ಲಿ ಬೀಗರೂಟದ ಪಟ್ಟಿ ಇರುವುದಿಲ್ಲ." ಅದರ ಕೆಳಗೆ ಚರಂಡಿ.

ನಮ್ಮ ಯಜಮಾನರು ಭುಜದ ಹಿಂದೆ ನಿಂತು ಓದಿದರು. "ಓದೋರೆಲ್ಲ ಬಿಟ್ಟು ಹೋಗ್ತಾರಲ್ಲೇ. ಆಮೇಲೆ ಹೋಗೋಕೆ ನಿಂಗೆ ಅಂಗಡಿನೂ ಇಲ್ಲ" ಅಂದರು. ಗೊತ್ತು ಅಂದೆ. ಆದರೆ ಅವರು ಅಣ್ಣನಿಗೆ ಫೋನ್ ಮಾಡಲಿಲ್ಲ. ಅಷ್ಟು ವರ್ಷದ ಸಂಸಾರದಲ್ಲಿ ಅವರ ಮೇಲೆ ಅವತ್ತು ಬಂದಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ.

ಸೋಮವಾರ ಪತ್ರ ಹೋಯಿತು. ಹತ್ತು ಗಂಟೆ ಹೊತ್ತಿಗೆ ಜನ ಬಿಟ್ಟು ಹೋಗೋಕೆ ಶುರು ಮಾಡಿದ್ದರು, ಬಿಳಿ ಷರಟುಗಳು ಮೊದಲು. ಆಗ ಮದ್ದೂರಿನಿಂದ ಅವಳ ಫೋನ್ ಬಂತು. "ಬಂತು ಚಿಕ್ಕತ್ತೆ, ಓದ್ತಾ ಇದ್ದೀನಿ" ಅಂದಳು. ಅಷ್ಟರಲ್ಲಿ ಯಾರೋ ಕರೆದರೇನೋ, ಫೋನು ಕಟ್ ಮಾಡದೆ ಕೌಂಟರಿನ ಮೇಲಿಟ್ಟಳು. ಚೀಲ ಎಳೆಯೋ ಸದ್ದು, ಗಿರಾಕಿಗಳ ಮಾತು. ಅದರ ನಡುವೆ ಬಾವನ ದನಿ.

"ಕೆಲ್ಸ ಬುಟ್ಟು ಮೊಬೈಲ್ನಾಗೆ ಅದೇನಮ್ಮ ಓದ್ತಾ ಇರೋದು?"

"ನಮ್ಮಪ್ಪನ ಊಟದ ವಿಷಯ ಮಾವ" ಅಂದಳು ಅವಳು. "ತಡೀರಿ, ಎಲ್ರಿಗೂ ಕೇಳೋ ಹಾಗೆ ಓದ್ತೀನಿ."